ಹೃದಯ ಬಲಗಡೆ ಇದ್ದರೆ: ಇಸಿಜಿ, ನೋವು, ತುರ್ತು ಚೀಟಿ

ಡೆಕ್ಸ್ಟ್ರೋಕಾರ್ಡಿಯಾ, ಅಂದರೆ ಹೃದಯ ಬಲಗಡೆ ಇದೆ, ಎಂದು ವರದಿ ಬಂದರೆ ಮೊದಲು ತಿಳಿಯಬೇಕಾದದ್ದು, ಹೃದಯವೊಂದೇ ಬಲಕ್ಕಿದೆಯೋ, ಹೊಟ್ಟೆಯ ಅಂಗಗಳೂ ಅದಲುಬದಲಾಗಿವೆಯೋ ಎಂಬುದು. ಎಕೋ (ಹೃದಯದ ಅಲ್ಟ್ರಾಸೌಂಡ್) ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದರೆ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ಯಕೃತ್ತು ಎಡಕ್ಕೆ, ಜಠರ ಮತ್ತು ಗುಲ್ಮ ಬಲಕ್ಕೆ, ಹೀಗೆ ಎಲ್ಲವೂ ಕನ್ನಡಿಯಲ್ಲಿ ಕಂಡಂತಿದ್ದರೆ ಅದು ಸೈಟಸ್ ಇನ್ವರ್ಸಸ್ ಟೋಟಾಲಿಸ್. ಸುಮಾರು 10,000 ಮಂದಿಯಲ್ಲಿ ಒಬ್ಬರಿಗೆ ಹೀಗಿರುತ್ತದೆ. ಹೆಚ್ಚಿನವರಿಗೆ ಇದಕ್ಕಾಗಿ ಔಷಧವೂ ಬೇಡ, ಪಥ್ಯವೂ ಬೇಡ. ಹೃದಯ ಮಾತ್ರ ಬಲಕ್ಕಿದ್ದರೆ ವಿಷಯ ಬೇರೆ: ಹೃದಯದಲ್ಲಿ ರಂಧ್ರ, ರಕ್ತನಾಳಗಳ ಅದಲುಬದಲು ಇರುವ ಸಾಧ್ಯತೆ ಹೆಚ್ಚು. ಇನ್ನು ಅಂಗಗಳು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತೆ ಕಲಸಿಹೋದವರಲ್ಲಿ ಸೋಂಕು ತಡೆಯಲು ನೆರವಾಗುವ ಗುಲ್ಮವೇ ಇಲ್ಲದಿರಬಹುದು. ಅಂಥವರಿಗೆ ನ್ಯೂಮೊಕಾಕಲ್ ಲಸಿಕೆ ತಪ್ಪಬಾರದು, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತೊಂದರೆ ಹೆಚ್ಚಾಗಿ ಶುರುವಾಗುವುದು ಇಸಿಜಿ ಕೋಣೆಯಲ್ಲಿ. ಮಾಮೂಲಿನಂತೆ ತೆಗೆದರೆ ಲೀಡ್ 1ರಲ್ಲಿ (ಎರಡು ಕೈಗಳ ತಂತಿಯಿಂದ ಬರುವ ಗೆರೆ) ಅಲೆಗಳೆಲ್ಲ ತಲೆಕೆಳಗು, ಎದೆಯ ಮೇಲಿನ ತಂತಿಗಳಾದ ವಿ1ರಿಂದ ವಿ6ರತ್ತ ಹೋದಂತೆ ಅಲೆ ಬೆಳೆಯುವ ಬದಲು ಕುಗ್ಗುತ್ತದೆ. ಯಂತ್ರ ಇದನ್ನು ಹಳೆಯ ಹೃದಯಾಘಾತ ಎಂದೂ ಬರೆಯಬಹುದು. ಟೆಕ್ನಿಷಿಯನ್‌ಗೆ ಮೊದಲೇ ಹೇಳಿ, ಎರಡನೇ ಇಸಿಜಿ ಹೀಗೆ ತೆಗೆಸಿ: ಕೈಗಳ ಕೆಂಪು ಮತ್ತು ಹಳದಿ ತಂತಿ ಅದಲುಬದಲು, ವಿ1 ಮತ್ತು ವಿ2 ಕೂಡ ಅದಲುಬದಲು, ವಿ3ರಿಂದ ವಿ6ರವರೆಗಿನವು ಬಲ ಎದೆಯ ಮೇಲೆ ಅದೇ ಎತ್ತರದಲ್ಲಿ. ಕಾಗದದ ಮೇಲೆ ‘ಬಲಬದಿಯ ಲೀಡ್’ ಎಂದು ಪೆನ್ನಿನಲ್ಲಿ ಬರೆಸದೆ ಏಳಬೇಡಿ. ಬರೆಯದಿದ್ದರೆ ಮುಂದಿನ ವೈದ್ಯರಿಗೆ ಆ ಕಾಗದ ಮಾಮೂಲು ಹೃದಯದ್ದೇ ಎನಿಸುತ್ತದೆ. ಎರಡರ ಫೋಟೋವೂ ಮೊಬೈಲಿನಲ್ಲಿರಲಿ. ಎದೆನೋವು ಬಂದ ದಿನ ಹೋಲಿಸಲು ಹಳೆಯದು ಬೇಕೇಬೇಕು.

ಎಕ್ಸ್‌ರೇಯಲ್ಲೂ ಇದೇ ಪಾಡು. ಎಡ–ಬಲದ ಗುರುತು ತಪ್ಪಾಗಿದೆ ಎಂದುಕೊಂಡು ಚಿತ್ರವನ್ನೇ ತಿರುಗಿಸಿಬಿಡುವವರಿದ್ದಾರೆ.

ನೋವಿನ ಜಾಗವೂ ಬದಲಾಗುತ್ತದೆ. ಪೂರ್ತಿ ಅದಲುಬದಲಾದವರಲ್ಲಿ ಅಪೆಂಡಿಕ್ಸ್ ನೋವು ಎಡ ಕೆಳಹೊಟ್ಟೆಗೆ, ಪಿತ್ತಕೋಶದ ನೋವು ಎಡ ಪಕ್ಕೆಲುಬಿನ ಕೆಳಕ್ಕೆ ಬರಬಹುದು. ಹೃದಯಾಘಾತದ ನೋವು ಬಲ ಎದೆ, ಬಲ ತೋಳಿಗೆ ಹರಡಬಹುದು. ಆದರೆ ಎಲ್ಲರಲ್ಲೂ ಹಾಗೇ ಆಗುವುದಿಲ್ಲ, ಆದ್ದರಿಂದ ‘ಎಡಗಡೆ ತಾನೇ’ ಎಂದು ಯಾವುದನ್ನೂ ತಳ್ಳಿಹಾಕಬೇಡಿ.

ವರ್ಷವಿಡೀ ಮೂಗು ಕಟ್ಟುವುದು, ಕಫದ ಕೆಮ್ಮು, ಮತ್ತೆ ಮತ್ತೆ ಸೈನಸ್ ಅಥವಾ ಕಿವಿ ಸೋಂಕು ಇದ್ದರೆ ಶ್ವಾಸಕೋಶ ತಜ್ಞರನ್ನು ಕಾಣಿ. ಅದು ಕಾರ್ಟಜೆನರ್ ಸಿಂಡ್ರೋಮ್ ಇರಬಹುದು. ಕಫ ತಳ್ಳುವ ಸೂಕ್ಷ್ಮ ರೋಮಗಳು ಸರಿಯಾಗಿ ಆಡದಿರುವುದೇ ಇದರ ಮೂಲ. ಕಫ ಹೊರಹಾಕುವ ವ್ಯಾಯಾಮವನ್ನು ದಿನವೂ ಮಾಡಬೇಕು, ಸಿಗರೇಟು ಬೇಡವೇ ಬೇಡ. ಗಂಡಸರಿಗೆ ಮಕ್ಕಳಾಗುವುದು ತಡವಾದರೆ ಈ ಕಾರಣವನ್ನೂ ವೈದ್ಯರಿಗೆ ತಿಳಿಸಿ.

ಪರ್ಸಿನಲ್ಲೊಂದು ಚೀಟಿ, ಮೊಬೈಲಿನ ತುರ್ತು ಮಾಹಿತಿಯಲ್ಲೂ ಅದೇ ಬರಹ: ‘ಹೃದಯ ಬಲಗಡೆ’, ಪೂರ್ತಿ ಅದಲುಬದಲಾಗಿದ್ದರೆ ‘ಯಕೃತ್ತು ಎಡಗಡೆ’ ಎಂದೂ, ರಕ್ತದ ಗುಂಪು, ವೈದ್ಯರ ಫೋನ್. 108ಕ್ಕೆ ಕರೆ ಮಾಡುವ ಮನೆಯವರಿಗೂ ಗೊತ್ತಿರಲಿ: ಎದೆ ಒತ್ತುವುದು ಎಂದಿನಂತೆ ಎದೆಮೂಳೆಯ ನಡುವೆಯೇ. ಶಾಕ್ ಕೊಡುವ ಪ್ಯಾಡ್ ಮಾತ್ರ ಎಡ ಕೊರಳೆಲುಬಿನ ಕೆಳಗೊಂದು, ಬಲ ಕಂಕುಳ ಕೆಳಗೆ ಪಕ್ಕೆಯ ಮೇಲೊಂದು.

ಯಾವುದೇ ಶಸ್ತ್ರಚಿಕಿತ್ಸೆಗೆ ಮುಂಚೆ ಶಸ್ತ್ರವೈದ್ಯರಿಗೂ ಅರಿವಳಿಕೆ ವೈದ್ಯರಿಗೂ ಬೇರೆಬೇರೆಯಾಗಿ ಹೇಳಿ. ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಪಿತ್ತಕೋಶ ತೆಗೆಯಲು ವೈದ್ಯರು ಮಂಚದ ಇನ್ನೊಂದು ಪಕ್ಕಕ್ಕೆ ನಿಲ್ಲಬೇಕು, ಮಾನಿಟರ್ ಮತ್ತು ರಂಧ್ರಗಳ ಜಾಗವೂ ಬದಲಾಗಬೇಕು. ಬಲಗೈ ಬಳಸುವವರಿಗೆ ಇದು ತುಸು ತ್ರಾಸದ ಕೆಲಸ. ಹಿಂದಿನ ದಿನವೇ ಸ್ಕ್ಯಾನ್ ಅವರ ಕೈಸೇರಿರಲಿ.