ಹುಡುಗ ಬಂದ, ಬಂದ ಹುಡುಗ: ಕ್ಲಾಜ್ ಗುರುತಿಸೋದು ನಾನು ಕಲ್ತಿದ್ದು ಹೀಗೆ

ನಾನು ಇಂಗ್ಲಿಷ್ ಟೀಚರ್ ಅಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ. ಓದಿದ್ದು ಬಿಎಸ್ಸಿ, ಹೈಸ್ಕೂಲಲ್ಲಿ ಬಯಾಲಜಿ ಕೆಮಿಸ್ಟ್ರಿ ಪಾಠ ಮಾಡೋ ಸಿಬಿಝೆಡ್ ಟೀಚರ್. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ ಸ್ಕೂಲು, 2018ರಲ್ಲಿ ಇಂಗ್ಲಿಷ್ ಮೇಡಂ ಟ್ರಾನ್ಸ್‌ಫರ್ ಆಗಿ ಹೋದ್ರು, ಆ ಜಾಗಕ್ಕೆ ಯಾರೂ ಬರ್ಲಿಲ್ಲ, ಹೆಡ್‌ಮಾಸ್ಟ್ರು "ಮೇಡಂ, ನಿಮ್ದು ಇಂಗ್ಲಿಷ್ ಪರವಾಗಿಲ್ವಲ್ಲ, ಹತ್ತನೇ ಕ್ಲಾಸನ್ನ ಸ್ವಲ್ಪ ದಿನ ನೋಡ್ಕೊಳ್ಳಿ" ಅಂದ್ರು. ಆ ಸ್ವಲ್ಪ ದಿನ ಇನ್ನೂ ಮುಗ್ದಿಲ್ಲ.

ಪದ್ಯ ಪಾಠ ಹೇಗೋ ಮಾಡ್ಬೋದು, ಲೆಟರ್ ಬರೆಸ್ಬೋದು, ಕೈ ಕೊಟ್ಟಿದ್ದು ಕ್ಲಾಜ್, ಅಂದ್ರೆ ದೊಡ್ಡ ವಾಕ್ಯದ ಒಳಗೆ ತನ್ನದೇ ಕ್ರಿಯಾಪದ ಇಟ್ಕೊಂಡು ಕೂತಿರೋ ಸಣ್ಣ ವಾಕ್ಯ. ಮೊದಲ ದಿನಾನೇ ನಗೆಪಾಟಲು. ಮೇನ್ ಕ್ಲಾಜ್, ಸಬಾರ್ಡಿನೇಟ್ ಕ್ಲಾಜ್ ಅಂತ ನಾನು ಹೇಳ್ತಾ ಇದ್ರೆ ಮಕ್ಕಳಿಗೆ ಕೇಳಿಸ್ತಾ ಇದ್ದಿದ್ದು ಕ್ಲಾಸ್, ಕ್ಲಾಸ್. ಒಬ್ಬಳು ಎದ್ದು ನಿಂತು "ಮಿಸ್, ಸಬಾರ್ಡಿನೇಟ್ ಕ್ಲಾಸ್ ಅಂದ್ರೆ ಬಿ ಸೆಕ್ಷನ್ನಾ" ಅಂತ ಕೇಳಿದ್ಲು. ಅವತ್ತಿಂದ ಸಬಾರ್ಡಿನೇಟ್ ಕ್ಲಾಜಿಗೆ ಉಪವಾಕ್ಯ ಅಂತ್ಲೇ ಹೇಳೋದು, ಪರೀಕ್ಷೆ ಹತ್ರ ಬಂದಾಗ ಮಾತ್ರ ಕ್ಲಾಜ್ ಅಂತ ನೆನಪಿಸ್ತೀನಿ.

ಗೈಡುಗಳಲ್ಲಿ ಇರೋ ವಿವರಣೆ ನಿಮಗೂ ಗೊತ್ತಿರತ್ತೆ, ತಾನೇ ಒಂಟಿಯಾಗಿ ನಿಂತು ಪೂರ್ತಿ ಅರ್ಥ ಕೊಟ್ರೆ ಮೇನ್ ಕ್ಲಾಜ್, ನಿಲ್ಲಕ್ಕಾಗ್ದೆ ಇನ್ನೊಂದರ ಮೇಲೆ ಒರಗಿಕೊಂಡ್ರೆ ಸಬಾರ್ಡಿನೇಟ್. ನಾನೂ ಅದನ್ನೇ ಹೇಳ್ದೆ, ಮೇಲಿಂದ ರೈಲು ಇಂಜಿನ್ನು ಬೋಗಿ ಅಂತ ಹೋಲಿಕೆ ಬೇರೆ, ನಮ್ಮ ಊರ ಮೇಲೆ ಕೋಲಾರ ಚಿಂತಾಮಣಿ ರೈಲು ಹೋಗೋದ್ರಿಂದ ಮಕ್ಕಳಿಗೆ ಖುಷಿ. ಮರುದಿನ ಬೋರ್ಡ್ ಮೇಲೆ "ವಾಟ್ ಹಿ ಸೆಡ್ ವಾಸ್ ಟ್ರೂ" ಅಂತ ಬರೆದೆ. ಇದ್ರಲ್ಲಿ "ವಾಟ್ ಹಿ ಸೆಡ್" ಉಪವಾಕ್ಯ. ಅದನ್ನ ಅಳಿಸಿದ್ರೆ ಉಳಿಯೋದು "ವಾಸ್ ಟ್ರೂ". ಇದ್ಯಾವ ಸೀಮೆ ಇಂಜಿನ್ನು, ಬೋಗಿ ಕಳಚಿದ್ರೆ ಇದೂ ಓಡಲ್ಲ! ಉಪವಾಕ್ಯವೇ ಕರ್ತೃವಿನ ಜಾಗದಲ್ಲೋ ಕರ್ಮದ ಜಾಗದಲ್ಲೋ ಕೂತಾಗ ಒಂಟಿಯಾಗಿ ನಿಲ್ಲೋ ಲೆಕ್ಕ ಕೆಲ್ಸ ಮಾಡಲ್ಲ. "ಐ ನೋ" ಅಂತ ಬಿಟ್ರೆ ಏನ್ ಗೊತ್ತು ಅಂತ ಎಲ್ರೂ ಕೇಳ್ತಾರೆ. ರೈಲನ್ನ ಅವತ್ತೇ ಕೈ ಬಿಟ್ಟೆ.

ಒಂದೇ ಕ್ಲಾಜ್ ಇದ್ರೆ ಸಿಂಪಲ್ ವಾಕ್ಯ, ಸರಿಸಮ ಕ್ಲಾಜ್‌ಗಳು ಸೇರಿದ್ರೆ ಕಾಂಪೌಂಡ್, ಮೇನ್ ಕ್ಲಾಜಿಗೆ ಉಪವಾಕ್ಯ ಸೇರಿದ್ರೆ ಕಾಂಪ್ಲೆಕ್ಸ್. ಇನ್ನೊಂದು ತೊಂದ್ರೆ ಅಂದ್ರೆ ಮಕ್ಕಳು ಉದ್ದ ನೋಡಿ ಈ ಹೆಸರಿಡ್ತಾ ಇದ್ರು. ಉದ್ದ ಇದ್ರೆ ಕಾಂಪ್ಲೆಕ್ಸ್, ಗಿಡ್ಡ ಇದ್ರೆ ಸಿಂಪಲ್, ಮಧ್ಯ ಅಂಡ್ ಇದ್ರೆ ಕಣ್ಮುಚ್ಕೊಂಡು ಕಾಂಪೌಂಡ್. "ಅನ್ನ ಅಂಡ್ ಸಾಂಬಾರ್" ಅಂತ ಬಂದ್ರೂ ಕಾಂಪೌಂಡೇ.

ಈಗ ಅಸಲು ವಿಷಯ. ಒಂದು ದಿನ ಅಡ್ಜೆಕ್ಟಿವ್ ಕ್ಲಾಜ್, ಅಂದ್ರೆ ನಾಮಪದನ ವಿವರಿಸೋ ಉಪವಾಕ್ಯ, ಹೇಳ್ಕೊಡೋಣ ಅಂತ ಕನ್ನಡದಿಂದ್ಲೇ ಶುರು ಮಾಡ್ದೆ. ಬೋರ್ಡ್ ಮೇಲೆ ಒಂದ್ಕಡೆ "ಹುಡುಗ ಬಂದ", ಇನ್ನೊಂದ್ಕಡೆ "ಬಂದ ಹುಡುಗ". ಎರಡರಲ್ಲೂ ಬಂದ ಇದೆ, ಒಂದು ವಾಕ್ಯ, ಇನ್ನೊಂದು ವಾಕ್ಯ ಅಲ್ಲ, ಯಾಕೆ ಅಂತ ಕೇಳ್ದೆ. ಯಾರೂ ಹೇಳ್ಲಿಲ್ಲ. ನಿಜ ಹೇಳ್ಬೇಕಂದ್ರೆ ನನಗೂ ನೆಟ್ಟಗೆ ಉತ್ತರ ಗೊತ್ತಿರ್ಲಿಲ್ಲ, ಹಿಂದೆ ಮುಂದೆ ಆಗಿದೆಯಲ್ಲ ಅದಕ್ಕೆ ಅಂತ ಏನೋ ತೇಲಿಸೋಣ ಅಂದ್ಕೊಂಡಿದ್ದೆ. ನಮ್ಮ ಕಡೆ ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಮಾತು ತೆಲುಗು, ಸ್ಕೂಲಿಗೆ ಬಂದ್ರೆ ಕನ್ನಡ. ಕೊನೇ ಬೆಂಚಲ್ಲಿ ಒಬ್ಬ, ಪಕ್ಕದವನಿಗೆ ಹೇಳ್ತಾ ಇದ್ದ, "ಅದು ವಚ್ಚಾಡು ಕಣೋ, ಇದು ವಚ್ಚಿನ."

ನಾನು ಚಾಕ್‌ಪೀಸ್ ಹಿಡ್ಕೊಂಡು ಹಾಗೇ ನಿಂತ್ಬಿಟ್ಟೆ. ಕನ್ನಡದಲ್ಲಿ ಎರಡೂ "ಬಂದ", ಒಂದೇ ಥರ ಕಾಣ್ಸತ್ತೆ, ತೆಲುಗಲ್ಲಿ ಅಬ್ಬಾಯಿ ವಚ್ಚಾಡು, ವಚ್ಚಿನ ಅಬ್ಬಾಯಿ, ಎರಡು ಬೇರೆ ಬೇರೆ ಪದ! ಹುಡುಗಿ ಆದ್ರೆ ಅಂತ ಕೇಳ್ದೆ. "ಅಮ್ಮಾಯಿ ವಚ್ಚಿಂದಿ, ವಚ್ಚಿನ ಅಮ್ಮಾಯಿ" ಅಂದ. ಕನ್ನಡಕ್ಕೆ ತಂದ್ರೆ ಹುಡುಗಿ ಬಂದಳು, ಬಂದ ಹುಡುಗಿ. ಹುಡುಗರು ಬಂದರು, ಬಂದ ಹುಡುಗರು. ನೋಡಿ, ಒಂದು ಕಡೆ ಕ್ರಿಯಾಪದ ಆಳು ನೋಡ್ಕೊಂಡು ಬದಲಾಗ್ತಾ ಹೋಯ್ತು, ಇನ್ನೊಂದು ಕಡೆ ಯಾರು ಬಂದ್ರೂ ಅದು ಬಂದ ಬಂದ ಬಂದ. ಬದಲಾಗೋದು ಪೂರ್ಣ ಕ್ರಿಯಾಪದ, ಬದಲಾಗ್ದೇ ಇರೋದು ಕೃದಂತ. ಕನ್ನಡ ವ್ಯಾಕರಣದಲ್ಲಿ ಕೃದಂತ ಅಂತ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆ, ಅದು ಇದಕ್ಕೆ ಇರೋದು ಅಂತ ನನಗೆ ಹೊಳೆದಿದ್ದು ಆ ಬೆಂಚಿನ ಪಿಸುಮಾತಿಂದ.

ಬದಲಾಗೋ ಆ ಪೂರ್ಣ ಕ್ರಿಯಾಪದಕ್ಕೆ ಇಂಗ್ಲಿಷಲ್ಲಿ ಫೈನೈಟ್ ವರ್ಬ್ ಅಂತಾರೆ. ಅಲ್ಲಿ ಗಂಡು ಹೆಣ್ಣು ನೋಡಿ ಕ್ರಿಯಾಪದ ಬದಲಾಗಲ್ಲ, ಆದ್ರೆ ಕಾಲ ನೋಡಿ ಬದಲಾಗತ್ತೆ. ಅದಕ್ಕೆ ನಾನು ಮಾಡ್ಕೊಂಡ ಪರೀಕ್ಷೆ ಏನಂದ್ರೆ ವಾಕ್ಯನ ನಿನ್ನೆಯಿಂದ ದಿನಾಲೂ ಅನ್ನೋದಕ್ಕೆ ತಿರುಗಿಸು, ಯಾವ ಪದ ಅಲುಗಾಡತ್ತೋ ಅದರ ಕೆಳಗೆ ಕೆಂಪು ಗೆರೆ. "ಹಿ ಕೇಮ್ ರನ್ನಿಂಗ್", ದಿನಾಲೂ ಅಂದ್ರೆ "ಹಿ ಕಮ್ಸ್ ರನ್ನಿಂಗ್". ಕೇಮ್ ಅಲ್ಲಾಡ್ತು, ರನ್ನಿಂಗ್ ಅಲ್ಲಾಡ್ಲಿಲ್ಲ. ಒಂದೇ ಗೆರೆ, ಸಿಂಪಲ್ ಸೆಂಟೆನ್ಸ್. ಮೊದಲು ಕೆಂಪು ಗೆರೆ, ಆಮೇಲೆ ಮಿಕ್ಕಿದ್ದೆಲ್ಲ, ಇದು ನಮ್ಮ ಕ್ಲಾಸಿನ ಕಾನೂನು.

ಇದ್ರಿಂದ ಉದ್ದ ಗಿಡ್ಡದ ರೋಗ ವಾಸಿ ಆಯ್ತು. "ಆಫ್ಟರ್ ಸೆಲ್ಲಿಂಗ್ ಆಲ್ ದಿ ಟೊಮ್ಯಾಟೋಸ್ ಇನ್ ಕೋಲಾರ್ ಮಾರ್ಕೆಟ್ ಬಿಫೋರ್ ನೈನ್ ಓ ಕ್ಲಾಕ್, ಮೈ ಫಾದರ್ ಕೇಮ್ ಹೋಮ್ ಬೈ ಬಸ್." ಬೋರ್ಡಲ್ಲಿ ಎರಡು ಲೈನು, ಕೆಂಪು ಗೆರೆ ಕೇಮ್ ಕೆಳಗೆ ಒಂದೇ, ಸಿಂಪಲ್. "ಸಿಟ್ ವೇರ್ ಯು ಲೈಕ್", ನಾಲ್ಕೇ ಪದ, ಗೆರೆ ಎರಡು, ಕಾಂಪ್ಲೆಕ್ಸ್. (ಆಜ್ಞೆ ಕೊಡೋ ವಾಕ್ಯದಲ್ಲಿ ಸಿಟ್ ಬದಲಾಗಲ್ವಲ್ಲ ಮಿಸ್ ಅಂತ ಒಬ್ಬ ಕೇಳಿದ, ಸರಿಯಾದ ಪ್ರಶ್ನೆ, ಅಲ್ಲಿ ಯು ಅಡಗಿದೆ, ಅದನ್ನ ಫೈನೈಟ್ ಅಂತ್ಲೇ ಲೆಕ್ಕ ಹಿಡೀಬೇಕು.)

ಇಲ್ಲೊಂದು ಮಾತು. ಕಾಲೇಜಲ್ಲಿ ಇಂಗ್ಲಿಷ್ ಎಂಎ ಓದಿದೋರು ಯಾರಾದ್ರೂ ಇದನ್ನ ಓದಿದ್ರೆ "ಆಫ್ಟರ್ ಸೆಲ್ಲಿಂಗ್" ಕೂಡ ಕ್ಲಾಜೇ, ನಾನ್ ಫೈನೈಟ್ ಕ್ಲಾಜ್ ಅಂತ ಜಗಳಕ್ಕೆ ಬರ್ತಾರೆ. ಅವರು ಹೇಳೋದು ತಪ್ಪಲ್ಲ. 1985ರಲ್ಲಿ ರ‍್ಯಾಂಡಲ್ಫ್ ಕ್ವರ್ಕ್ ಇನ್ನೂ ಮೂವರ ಜೊತೆ ಸೇರಿ ಬರೆದ ದೊಡ್ಡ ವ್ಯಾಕರಣದಲ್ಲಿ ಹಾಗೇ ಇದೆ. ಆದ್ರೆ ನಮ್ಮ ಸ್ಕೂಲ್ ಪರೀಕ್ಷೆಗಳು ನಡ್ಯೋದು ಹಳೇ ಪದ್ಧತಿ ಮೇಲೆ, ಅದರ ಪ್ರಕಾರ ಫೈನೈಟ್ ವರ್ಬ್ ಇಲ್ದಿದ್ರೆ ಅದು ಕ್ಲಾಜ್ ಅಲ್ಲ, ಫ್ರೇಸ್, ಬರೀ ಪದಗಳ ಗುಂಪು. ಹದಿನೈದು ವರ್ಷದ ಮಗುಗೆ ಎರಡನ್ನೂ ಒಟ್ಟಿಗೆ ಹೇಳಿದ್ರೆ ಎರಡೂ ಹೋಗತ್ತೆ ಅಂತ ನನ್ನ ಅಭಿಪ್ರಾಯ.

ಎರಡನೇ ಹೆಜ್ಜೆ ಕೊಂಡಿ ಎಣಿಸೋದು. ಇದು ಯಾವ ಗೈಡಲ್ಲೂ ನಾನು ನೋಡಿದ್ದಲ್ಲ, ಲೆಕ್ಕದ ಬುದ್ಧಿ ಇರೋದ್ರಿಂದ ಹೊಳೀತು ಅನ್ಸತ್ತೆ. ಎರಡು ಬೋಗಿ ಸೇರಿಸಕ್ಕೆ ಒಂದು ಕೊಂಡಿ, ಮೂರಕ್ಕೆ ಎರಡು (ನೋಡಿ, ರೈಲು ಹಿಂದಿನ ಬಾಗಿಲಿಂದ ಮತ್ತೆ ಬಂತು). ಕೆಂಪು ಗೆರೆ ಎಷ್ಟಿದ್ಯೋ ಅದಕ್ಕಿಂತ ಒಂದು ಕಮ್ಮಿ ಕೊಂಡಿ ಇರ್ಬೇಕು. ಕೊಂಡಿ ಅಂದ್ರೆ ಅಂಡ್, ಬಟ್, ಆರ್, ಸೋ, ಯೆಟ್, ನಾರ್, ಫಾರ್ ಈ ಏಳು, ಆಮೇಲೆ ಬಿಕಾಸ್, ಇಫ್, ವೆನ್, ಆಲ್ದೋ, ಅನ್‌ಲೆಸ್, ಅನ್‌ಟಿಲ್ ಥರದ್ದು, ಹೂ, ವಿಚ್, ದಟ್, ವಾಟ್ ಥರದ್ದು. ವಾಕ್ಯಗಳನ್ನ ಸೇರಿಸಿದ್ರೆ ಮಾತ್ರ ಕೊಂಡಿ, ಅನ್ನಾನೂ ಸಾಂಬಾರನ್ನೂ ಸೇರಿಸಿದ್ರೆ ಲೆಕ್ಕಕ್ಕಿಲ್ಲ. "ಹೂ ಕೇಮ್" ಅಂತ ಪ್ರಶ್ನೆ ಕೇಳೋ ಹೂ ಕೂಡ ಇಲ್ಲ. ಐದರ್ ಆರ್ ಥರ ಜೋಡಿಯಾಗಿ ಬರೋದು ಎರಡೂ ಸೇರಿ ಒಂದು.

ಲೆಕ್ಕ ತಾಳೆ ಆಗ್ಲಿಲ್ಲ ಅಂದ್ರೆ ಅಲ್ಲೇ ಮಜಾ ಇರೋದು. "ದಿ ಮ್ಯಾಂಗೋ ಐ ಏಟ್ ವಾಸ್ ಸೌರ್." ಗೆರೆ ಎರಡು, ಏಟ್ ಮತ್ತೆ ವಾಸ್. ಕೊಂಡಿ ಸೊನ್ನೆ. ಅಂದ್ರೆ ಕೊಂಡಿ ಬಚ್ಚಿಟ್ಕೊಂಡಿದೆ, ಮ್ಯಾಂಗೋ ಆದ್ಮೇಲೆ ದಟ್ ಹಾಕಿ ಓದಿದ್ರೆ ಸಿಕ್ಬಿಡತ್ತೆ. ಈಗ ಇದನ್ನ ನೋಡಿ, "ದಿ ಮ್ಯಾಂಗೋಸ್ ಸೋಲ್ಡ್ ಯೆಸ್ಟರ್‌ಡೇ ವರ್ ಸೌರ್." ಸೋಲ್ಡ್ ಒಂದು, ವರ್ ಒಂದು, ಇಲ್ಲೂ ಕೊಂಡಿ ಇಲ್ಲ, ಹಂಗಾದ್ರೆ ಇದೂ ಕಾಂಪ್ಲೆಕ್ಸಾ? ದಿನಾಲೂ ಅಂತ ತಿರುಗಿಸಿ, "ದಿ ಮ್ಯಾಂಗೋಸ್ ಸೋಲ್ಡ್ ಎವ್ರಿಡೇ ಆರ್ ಸೌರ್". ಸೋಲ್ಡ್ ಜಾಗ ಬಿಟ್ಟು ಕದಲ್ಲಿಲ್ಲ. ಅದು ಕ್ರಿಯಾಪದದ ವೇಷ ಹಾಕ್ಕೊಂಡ ಕೃದಂತ, ನಮ್ಮ "ಬಂದ ಹುಡುಗ"ದ ಬಂದ ಇದ್ದಹಾಗೆ. ಮಾರಿದ ಮಾವಿನಹಣ್ಣು. ಸಿಂಪಲ್. ಈ ಜಾಗದಲ್ಲಿ ನಾನೇ ಮೊದಲ ವರ್ಷ ತಪ್ಪು ಹೇಳ್ಕೊಟ್ಟಿದೀನಿ, ಆ ಬ್ಯಾಚಿನ ಮಕ್ಕಳ ಹತ್ರ ಕ್ಷಮೆ ಕೇಳ್ಬೇಕು.

ಕೊಂಡಿ ಜಾಸ್ತಿ ಆದ್ರೂ ಗೊತ್ತಾಗತ್ತೆ. "ಆಲ್ದೋ ಇಟ್ ರೈನ್ಡ್, ಬಟ್ ವಿ ವೆಂಟ್." ನಮ್ಮ ಮಕ್ಕಳು ಮಾತ್ರ ಅಲ್ಲ, ಸ್ಟಾಫ್ ರೂಮಲ್ಲೂ ಹೀಗೇ ಬರೀತೀವಿ. ಗೆರೆ ಎರಡು, ಕೊಂಡಿ ಎರಡು, ಒಂದು ಹೆಚ್ಚಾಯ್ತು. ಆಲ್ದೋ ತೆಗೆದ್ರೆ ಕಾಂಪೌಂಡ್, ಬಟ್ ತೆಗೆದ್ರೆ ಕಾಂಪ್ಲೆಕ್ಸ್, ಯಾವುದಾದ್ರೂ ಒಂದನ್ನ ಮನೆಗೆ ಕಳಿಸ್ಬೇಕು. ಬಿಫೋರ್, ಆಫ್ಟರ್, ಸಿನ್ಸ್ ಈ ಮೂರು ಎರಡು ಕಡೆ ಕೆಲ್ಸ ಮಾಡೋರು, "ಬಿಫೋರ್ ದಿ ಬೆಲ್" ಅಂದ್ರೆ ಕೊಂಡಿ ಅಲ್ಲ, "ಬಿಫೋರ್ ದಿ ಬೆಲ್ ರಿಂಗ್ಸ್" ಅಂದ್ರೆ ಕೊಂಡಿ.

ಇಷ್ಟಾದ್ಮೇಲೆ ಹೆಸರಿಡೋದು ನಿಮಿಷದ ಕೆಲ್ಸ. ಒಂದೇ ಗೆರೆ ಸಿಂಪಲ್, ಕನ್ನಡದಲ್ಲಿ ಸಾಮಾನ್ಯ ವಾಕ್ಯ. ಕೊಂಡಿಯೆಲ್ಲ ಆ ಏಳರ ಗುಂಪಿನದ್ದಾದ್ರೆ ಕಾಂಪೌಂಡ್, ಸಂಯೋಜಿತ ವಾಕ್ಯ. ಬಿಕಾಸ್, ಹೂ ಗುಂಪಿನದ್ದಾದ್ರೆ ಕಾಂಪ್ಲೆಕ್ಸ್, ಮಿಶ್ರ ವಾಕ್ಯ. ಎರಡು ಮೇನ್ ಕ್ಲಾಜೂ ಇದ್ದು ಉಪವಾಕ್ಯಾನೂ ಇದ್ರೆ ಕಾಂಪೌಂಡ್ ಕಾಂಪ್ಲೆಕ್ಸ್. "ಹಿ ಕೇಮ್ ಅಂಡ್ ಸ್ಯಾಟ್" ಥರದ್ದು ಮಾತ್ರ ತಕರಾರು, ಕರ್ತೃ ಒಂದೇ ಇರೋದ್ರಿಂದ ಸಿಂಪಲ್ ಅಂತ ಕೆಲವ್ರು, ಎರಡನೇ ಹಿ ಅಡಗಿದೆ ಆದ್ರಿಂದ ಕಾಂಪೌಂಡ್ ಅಂತ ಇನ್ನು ಕೆಲವ್ರು. ನಾನು ಎರಡನೇ ಪಕ್ಷ, ವಾಕ್ಯ ಬದಲಾಯಿಸಿ ಬರೆಯೋ ಪ್ರಶ್ನೆಗಳಲ್ಲಿ ಅದೇ ಉಪಯೋಗಕ್ಕೆ ಬರೋದು.

ಬದಲಾಯಿಸಿ ಬರೆಯೋದಕ್ಕೆ ಟೊಮ್ಯಾಟೋ ಬಾಕ್ಸೇ ಸಾಕು ನಮಗೆ. 15 ಕೆಜಿ ಬಾಕ್ಸು, ಎಲ್ಲಾ ಮಕ್ಕಳೂ ಹೊತ್ತಿರ್ತಾರೆ. "ದಿ ಬಾಕ್ಸ್ ಈಸ್ ಟೂ ಹೆವಿ ಫಾರ್ ಮಿ ಟು ಲಿಫ್ಟ್", ಗೆರೆ ಒಂದು. "ದಿ ಬಾಕ್ಸ್ ಈಸ್ ವೆರಿ ಹೆವಿ ಅಂಡ್ ಐ ಕೆನಾಟ್ ಲಿಫ್ಟ್ ಇಟ್", ಎರಡು, ಅಂಡ್. "ದಿ ಬಾಕ್ಸ್ ಈಸ್ ಸೋ ಹೆವಿ ದಟ್ ಐ ಕೆನಾಟ್ ಲಿಫ್ಟ್ ಇಟ್", ಎರಡು, ದಟ್. ಇಲ್ಲಿ ಸೋ ಕೊಂಡಿ ಅಲ್ಲ, "ಅಷ್ಟು" ಅಂತ. ಮೂರನ್ನೂ ಒಂದರ ಕೆಳಗೊಂದು ಬರೆದು ಗೆರೆ ಎಳೆದ್ರೆ ಸಾಕು, ಬಾಯಲ್ಲಿ ಹೇಳೋದೇ ಬೇಡ.

ಇನ್ನು ಉಪವಾಕ್ಯ ನೌನಾ, ಅಡ್ಜೆಕ್ಟಿವಾ, ಅಡ್ವರ್ಬಾ ಅನ್ನೋದು. ಕೊಂಡಿ ಮುಖ ನೋಡಿ ಹೇಳಕ್ಕೆ ಹೋದ್ರೆ ಕೆಟ್ಟೆ. ವೆನ್ ಇದ್ರೆ ಅಡ್ವರ್ಬ್ ಅಂತ ಬಾಯಿಪಾಠ ಮಾಡಿಸಿ ಒಂದು ಟೆಸ್ಟಲ್ಲಿ ಇಡೀ ಕ್ಲಾಸು ತಪ್ಪು ಬರೆದಿತ್ತು. ಕನ್ನಡದಲ್ಲಿ ಪ್ರಶ್ನೆ ಹಾಕೋದೇ ದಾರಿ. "ಐ ಡೋಂಟ್ ನೋ ವೆನ್ ದಿ ಬಸ್ ಕಮ್ಸ್", ಏನು ಗೊತ್ತಿಲ್ಲ? ಬಸ್ಸು ಯಾವಾಗ ಬರತ್ತೆ ಅನ್ನೋದು. ಏನು ಅನ್ನೋದಕ್ಕೆ ಉತ್ತರ, ನೌನ್. "ಐ ವಿಲ್ ಗೋ ವೆನ್ ದಿ ಬಸ್ ಕಮ್ಸ್", ಯಾವಾಗ ಹೋಗ್ತೀಯ? ಬಸ್ಸು ಬಂದಾಗ. ಅಡ್ವರ್ಬ್. "ಟೆಲ್ ಮಿ ದಿ ಟೈಮ್ ವೆನ್ ದಿ ಬಸ್ ಕಮ್ಸ್", ಯಾವ ಟೈಮು? ಬಸ್ಸು ಬರೋ ಟೈಮು. ಅಡ್ಜೆಕ್ಟಿವ್. ಕನ್ನಡ ಮಾಡಿದ ತಕ್ಷಣ ಅನ್ನೋದು, ಬಂದಾಗ, ಬರೋ ಅಂತ ಮೂರು ಬೇರೆ ಬೇರೆ ಬಾಲ ಕಾಣ್ಸತ್ತೆ ನೋಡಿ, ಇಂಗ್ಲಿಷ್ ಮುಚ್ಚಿಟ್ಟಿದ್ದನ್ನ ಕನ್ನಡ ಬಾಯ್ಬಿಡತ್ತೆ.

ಈಗಲೂ ಕೈ ಹಿಡಿದು ನಿಲ್ಸೋದು ಒಂದೇ ಒಂದು. ಹೋದ ವರ್ಷ ಟೊಮ್ಯಾಟೋ ರೇಟು ಬಿದ್ದಿದ್ದ ವಾರ ಒಬ್ಬ ಹುಡುಗಿ ತಾನೇ ಎರಡು ವಾಕ್ಯ ಬರ್ಕೊಂಡು ಬಂದ್ಲು. "ದಿ ನ್ಯೂಸ್ ದಟ್ ಮೈ ಫಾದರ್ ಬ್ರಾಟ್ ವಾಸ್ ಬ್ಯಾಡ್." "ದಿ ನ್ಯೂಸ್ ದಟ್ ದಿ ರೇಟ್ ಫೆಲ್ ವಾಸ್ ಬ್ಯಾಡ್." ಎರಡಕ್ಕೂ ಯಾವ ನ್ಯೂಸ್ ಅಂತ್ಲೇ ಪ್ರಶ್ನೆ, ಎರಡೂ ಅಡ್ಜೆಕ್ಟಿವಾ ಮಿಸ್ ಅಂತ. ನಾನು ನಾಳೆ ಹೇಳ್ತೀನಮ್ಮ ಅಂದೆ, ಸಂಜೆ ಬಸ್ಸಲ್ಲಿ ಕೋಲಾರದವರೆಗೂ ಅದೇ ತಲೇಲಿ. ದಟ್ ಜಾಗಕ್ಕೆ ವಿಚ್ ಹಾಕಿ ನೋಡ್ದೆ, ಮೊದಲನೇದಕ್ಕೆ ಕೂರತ್ತೆ, ಎರಡನೇದಕ್ಕೆ ಕೂರಲ್ಲ. ಕನ್ನಡ ಮಾಡಿದ್ರೆ ಮೊದಲನೇದು ಅಪ್ಪ ತಂದ ಸುದ್ದಿ, ಎರಡನೇದು ರೇಟು ಬಿತ್ತು ಅನ್ನೋ ಸುದ್ದಿ. ತಂದ ಅನ್ನೋದು ಕೃದಂತ, ಆದ್ರೆ ಬಿತ್ತು ಪೂರ್ಣ ಕ್ರಿಯಾಪದ, ಸುದ್ದಿ ಏನು ಅಂತ ಪೂರ್ತಿ ಹೇಳ್ಬಿಡತ್ತೆ, ಅದಕ್ಕೆ ನೌನ್ ಕ್ಲಾಜ್. ಬೆಳಿಗ್ಗೆ ಹೋಗಿ ಹೇಳ್ದೆ. "ಅಂದ್ರೆ ಮಿಸ್, ಅನ್ನೋ ಅಂತ ಬಂದ್ರೆ ನೌನ್ ತಾನೇ" ಅಂದ್ಲು, ನನಗಿಂತ ಚಿಕ್ಕದಾಗಿ.