ಪದ್ಮಿನಿಯ ರೂಫ್ ಲೈನಿಂಗ್ ಮನೆಯಲ್ಲೇ ಬದಲಿಸಿದ್ದು

ಈಗಿನ ಕಾರುಗಳಲ್ಲಿ ರೂಫ್ ಲೈನಿಂಗ್ (ಚಾವಣಿಯ ಒಳಬದಿಯ ಹೊದಿಕೆ) ಅಂದರೆ ಒಂದು ಹಲಗೆ, ಅದಕ್ಕೆ ಅಂಟಿಸಿದ ಫೋಮ್ ಬಟ್ಟೆ. ಹಲಗೆ ಇಳಿಸಿ, ಬಟ್ಟೆ ಬದಲಿಸಿ, ಮತ್ತೆ ಒತ್ತಿದರೆ ಆಯ್ತು. ನನ್ನದು 1984ರ ಪ್ರೀಮಿಯರ್ ಪದ್ಮಿನಿ, ಅದರ ಕಥೆಯೇ ಬೇರೆ. ಇದರಲ್ಲಿ ಲೈನಿಂಗ್ ನೇತಾಡಿಕೊಂಡಿರುತ್ತದೆ. ಪೆಟಿಕೋಟಿಗೆ ಲಾಡಿ ಹಾಕಲು ಒಂದು ಮಡಿಕೆ ಹೊಲಿದಿರುತ್ತಾರಲ್ಲ, ಅಂಥ ಮಡಿಕೆಗಳು ರೆಕ್ಸಿನ್ನಿನ ಬೆನ್ನಿಗೆ ಅಡ್ಡಡ್ಡ ಇರುತ್ತವೆ. ಒಂದೊಂದರ ಒಳಗೂ ಬಾಗಿದ ಉಕ್ಕಿನ ಕಂಬಿ, ಕಂಬಿಯ ಎರಡು ತುದಿ ಬಾಗಿಲಿನ ಮೇಲಿನ ತಗಡಿನ ತೂತಿನಲ್ಲಿ. ಗಮ್ ಇರುವುದು ಸುತ್ತಲಿನ ಅಂಚಿಗೆ ಮಾತ್ರ. ಮುಂದಿನ ಮತ್ತು ಹಿಂದಿನ ಅಂಚು ಗಾಜಿನ ರಬ್ಬರಿನ ಅಡಿಗೆ ಹೋಗಿರುತ್ತದೆ, ಹಾಗಾಗಿ ಎರಡೂ ಗಾಜು ಕಳಚದೆ ಈ ಕೆಲಸ ನೆಟ್ಟಗೆ ಆಗುವುದಿಲ್ಲ. ಗಾಜು ತೆಗೆಯದೆಯೇ ಸಂದಿಗೆ ತುರುಕಿ ಕೊಡುತ್ತೇವೆ ಅನ್ನುವವರಿದ್ದಾರೆ. ನಾನಂತೂ ಒಪ್ಪಲಿಲ್ಲ. ಅಂಟಿಸದೆ ತುರುಕಿದ್ದು ಎಷ್ಟು ಕಾಲ ನಿಂತೀತು?

ಮೊದಲು ಕಾಲ ನೋಡಿಕೊಳ್ಳಿ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ರೆಕ್ಸಿನ್ ಅಂಟಿಸುವ ಗಮ್ಮಿಗೆ ಈ ತೇವ ಆಗುವುದಿಲ್ಲ. ಗಮ್ಮಿನಲ್ಲಿರುವ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಗಮ್ ಬೆಳ್ಳಗಾಗಿ ಹಿಡಿತ ಕಳೆದುಕೊಳ್ಳುತ್ತದೆ. ನಾನು ಜನವರಿಯಲ್ಲಿ ಶುರು ಮಾಡಿದೆ. ಅಂಗಳದ ತುಂಬ ಅಡಿಕೆ ಒಣಗಲು ಹಾಕಿದ್ದೆವು, ಒಂದು ಮೂಲೆ ಕಾರಿಗೆ ಬಿಡಿಸಿಕೊಳ್ಳಲು ಅಪ್ಪನ ಹತ್ತಿರ ಸ್ವಲ್ಪ ಮಾತು ಕೇಳಬೇಕಾಯಿತು.

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಸನ್ ವೈಸರ್, ಕನ್ನಡಿ, ಒಳಗಿನ ಲೈಟ್, ಬಾಗಿಲಿನ ಸುತ್ತಲಿನ ಬೀಡಿಂಗ್ ತೆಗೆಯುವುದು ಸುಲಭ. ಗಾಜಿನ ರಬ್ಬರ್ ಕಲ್ಲಿನಷ್ಟು ಗಟ್ಟಿಯಾಗಿದ್ದರೆ ಅದನ್ನು ಉಳಿಸಲು ಹೋಗಬೇಡಿ. ಹೊಸ ರಬ್ಬರ್ ಕೈಗೆ ಬಂದ ಮೇಲೆ ಹಳೆಯದನ್ನು ಬ್ಲೇಡಿನಲ್ಲಿ ಸೀಳಿ, ಗಾಜನ್ನು ಒಳಗಿನಿಂದ ಮೆಲ್ಲ ನೂಕಿ, ಹೊರಗೆ ಇಬ್ಬರು ಹಿಡಿದುಕೊಳ್ಳಲಿ. ಅಂಚು ನೆಲಕ್ಕೆ ತಾಗಿದರೆ ಗಾಜು ಹೋಯಿತು ಅಂತಲೇ ಲೆಕ್ಕ.

ಹಳೆ ಲೈನಿಂಗ್ ಎಷ್ಟೇ ಕೊಳಕಾಗಿರಲಿ, ಹರಿದಿರಲಿ, ಚಾಕು ಹಾಕಬೇಡಿ. ಹೊಸದಕ್ಕೆ ಅಳತೆ ಅಂತ ಇರುವುದು ಅದೊಂದೇ. ಅದು ಇನ್ನೂ ಕಾರಿನಲ್ಲಿ ನೇತಾಡುತ್ತಿರುವಾಗಲೇ ಮುಂದಿನಿಂದ ಹಿಂದಿನವರೆಗೆ ನಡುವೆ ಒಂದು ಗೆರೆ ಎಳೆಯಿರಿ, ಆಮೇಲೆ ಅಂಚು ಬಿಡಿಸಿ. ಕಂಬಿಗಳು ನೋಡಲು ಒಂದೇ ತರ, ಆದರೆ ಒಂದರ ಉದ್ದ, ಬಾಗು ಇನ್ನೊಂದಕ್ಕಿಲ್ಲ. ತೆಗೆದ ಹಾಗೇ ಟೇಪ್ ಸುತ್ತಿ ನಂಬರ್ ಬರೆದೆ, ಎಡದ ತುದಿಗೆ ಪೇಂಟಿನ ಚುಕ್ಕಿ ಇಟ್ಟೆ, ಯಾವ ತೂತಿನಲ್ಲಿತ್ತು ಅಂತ ತಗಡಿನ ಮೇಲೂ ಗುರುತು ಮಾಡಿದೆ.

ಮೇಲೆ ನೋಡಿದರೆ ಹಳೆ ಫೆಲ್ಟ್, ಅಂದರೆ ನಾರು ಒತ್ತಿ ಮಾಡಿದ ದಪ್ಪ ಬಟ್ಟೆ. ಅದರೊಳಗೆ ಇಲಿ ಮನೆ ಮಾಡಿತ್ತು, ಅಡಿಕೆ ಸಿಪ್ಪೆಯ ನಾರೆಲ್ಲ ತಂದು ಹಾಸಿಕೊಂಡಿತ್ತು. ಆ ಫೆಲ್ಟ್ ನೀರು ಹೀರಿ ಹೀರಿ ತಗಡಿಗೆ ಅಲ್ಲಲ್ಲಿ ತುಕ್ಕು. ಮಾಸ್ಕ್ ಹಾಕಿಕೊಂಡು ಕೆರೆದು, ಮರಳು ಕಾಗದದಲ್ಲಿ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಪೇಂಟ್ ಹೊಡೆದೆ. ಮತ್ತೆ ಫೆಲ್ಟ್ ಹಾಕಲಿಲ್ಲ. ನೀರು ಹೀರದ ತೆಳು ಫೋಮ್ ಶೀಟ್ ಅಂಟಿಸಿದೆ. ಶಬ್ದ ಜಾಸ್ತಿ ತಡೆಯಲಿ ಅಂತ ದಪ್ಪದ್ದು ಹಾಕಿದರೆ ಕಂಬಿಗೂ ತಗಡಿಗೂ ನಡುವೆ ಒತ್ತಿ, ಕೆಳಗೆ ಉಬ್ಬಾಗಿ ಕಾಣುತ್ತದೆ.

ರೆಕ್ಸಿನ್ನಿಗೆ ಮಂಗಳೂರಿಗೆ ಹೋದೆ. ಅಂಗಡಿಯವರು ಮೊದಲು ತೋರಿಸುವುದು ಸೀಟಿನ ರೆಕ್ಸಿನ್, ಅದು ಬೇಡ. ದಪ್ಪ ಇರುತ್ತದೆ, ನೇಯ್ದ ಬಟ್ಟೆಯ ಬೆನ್ನಿರುವುದಾದರೆ ಬಾಗುವಲ್ಲಿ ಎಳೆದರೂ ಬರುವುದಿಲ್ಲ. ತೆಳ್ಳಗಿನ, ಹೆಣೆದ ಬಟ್ಟೆಯ ಬೆನ್ನಿರುವ, ಎರಡೂ ಕಡೆಗೆ ಸ್ವಲ್ಪ ಎಳೆಯುವಂಥದ್ದು ಕೇಳಿ. ನನಗೆ ಸಣ್ಣ ತೂತುಗಳಿರುವ ಕೆನೆ ಬಣ್ಣದ್ದು ಸಿಕ್ಕಿತು. ಅಗಲ 54 ಇಂಚು, ಹಾಗಾಗಿ ಅಡ್ಡಕ್ಕೆ ಜೋಡಣೆ ಬೇಕಾಗಲಿಲ್ಲ.

ಹೊಲಿಗೆ ನನ್ನದಲ್ಲ. ಕುಂಬಳೆಯಲ್ಲಿ ರಿಕ್ಷಾದ ಹುಡ್, ಜೀಪಿನ ಟಾಪ್ ಹೊಲಿಯುವ ಹಿರಿಯರೊಬ್ಬರಿದ್ದಾರೆ, ಅವರ ಹತ್ತಿರ ಕೂತು ಹೊಲಿಸಿದೆ. ಹಳೆಯದರ ಹೊಲಿಗೆ ಬಿಚ್ಚಿ, ತುಂಡು ತುಂಡಾಗಿ ಹೊಸ ರೆಕ್ಸಿನ್ ಮೇಲೆ ಹಾಸಿ ಗೆರೆ ಎಳೆದೆವು. ಹೊಲಿಗೆಯಿಂದ ಹೊಲಿಗೆಗೆ ಇರುವ ಅಂತರ ಮಾತ್ರ ಹಳೆಯದರಂತೆಯೇ, ಸುತ್ತಲಿನ ಅಂಚಿಗೆ 3 ಇಂಚು ಜಾಸ್ತಿ, ಯಾಕಂದರೆ ಹಳೆ ಅಂಚು ಸುಕ್ಕಿ ಚಿಕ್ಕದಾಗಿರುತ್ತದೆ. ನಾನು ಹೊಲಿಗೆ ಸಣ್ಣಕ್ಕೆ ಬಂದರೆ ಗಟ್ಟಿ ಅಲ್ವಾ ಅಂದೆ. ಅವರು ಮೆಷಿನಿನಿಂದ ತಲೆ ಎತ್ತದೆ, "ಸಣ್ಣ ಹೊಲಿಗೆ ನೋಡ್ಲಿಕ್ಕೆ ಚಂದ ಭಟ್ರೇ, ನೀವು ಎಳೆಯುವಾಗ ಆ ತೂತಿನ ಸಾಲಿನಲ್ಲೇ ಹರೀತದೆ" ಅಂದರು. ನೂಲು ಪಾಲಿಯೆಸ್ಟರಿನದ್ದು. ಹತ್ತಿ ನೂಲು ನಮ್ಮ ತೇವಕ್ಕೆ ಕೊಳೆಯುತ್ತದೆ.

ಕೂರಿಸುವ ದಿನ ಲೈನಿಂಗನ್ನು ಅಡಿಕೆಯ ಪಕ್ಕ ಬಿಸಿಲಿಗೆ ಹಾಸಿ ಮೆತ್ತಗೆ ಮಾಡಿಕೊಂಡೆ. ವೈಸರಿನ ಮತ್ತು ಲೈಟಿನ ಸ್ಕ್ರೂಗಳನ್ನು ಅವುಗಳ ತೂತಿಗೆ ಅರ್ಧ ತಿರುಗಿಸಿ ಬಿಟ್ಟಿದ್ದೆ, ಇಲ್ಲವಾದರೆ ರೆಕ್ಸಿನ್ ಬಂದ ಮೇಲೆ ತೂತು ಎಲ್ಲಿದೆ ಅಂತ ಸುಮ್ನೆ ತಡಕಾಡಬೇಕು. ಸ್ಕ್ರೂ ಇದ್ದರೆ ಬೆರಳಿಗೆ ಸಿಗುತ್ತದೆ. ಹಿಂದಿನ ಕಂಬಿಯಿಂದ ಶುರು ಮಾಡಿ ಒಂದೊಂದಾಗಿ ಮುಂದಕ್ಕೆ ನಿಲ್ಲಿಸುತ್ತಾ ಬಂದೆವು. ನಡುಗೆರೆ ಹಿಂದೆ ಮುಂದೆ ಸರಿಯಾಗಿ ಕೂತಿದೆಯಾ ನೋಡಿ, ಕಾಗದಕ್ಕೆ ಹಾಕುವ ದೊಡ್ಡ ಕ್ಲಿಪ್ಪುಗಳಲ್ಲಿ ಹಿಡಿಸಿ, ಹಿಂದಿನ ಅಂಚು ಅಂಟಿಸಿ, ಮುಂದಕ್ಕೆ ಎಳೆದೆವು. ಗಮ್ ಫೆವಿಕಾಲ್ ಎಸ್‌ಆರ್ 998. ಎರಡೂ ಕಡೆ ತೆಳುವಾಗಿ ಹಚ್ಚಿ, ಮುಟ್ಟಿದರೆ ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಬಾಗಿಲೆಲ್ಲ ತೆರೆದಿಡಿ, ಹತ್ತಿರ ಯಾರೂ ಬೀಡಿ ಹಚ್ಚಬಾರದು.

ಬದಿಗೆ ಎಳೆಯುವಾಗ ಮೊದಲು ಹೊಲಿಗೆ ಇರುವಲ್ಲೇ ಎಳೆಯಿರಿ, ನಡುವಿನ ಜಾಗ ಆಮೇಲೆ. ಬಾಗಿಲಿನ ಹತ್ತಿರ ಓರೆ ಸುಕ್ಕು ಬಂದೇ ಬರುತ್ತದೆ. ಅದು ಎಳೆತ ಸಾಲದೆ ಬಂದದ್ದಲ್ಲ, ಮಡಿಕೆಯ ತುದಿ ಕಂಬಿಯ ಮೇಲೆ ಬಿಗಿ ಹಿಡಿದಿರುವುದರಿಂದ. ಮಡಿಕೆಯ ತುದಿಯನ್ನು ಅರ್ಧ ಇಂಚು ಕತ್ತರಿಸಿ, ಎಳೆದು ನೋಡಿ, ಸಾಲದಿದ್ದರೆ ಇನ್ನರ್ಧ ಇಂಚು. ಸುಕ್ಕು ಕಣ್ಣೆದುರೇ ಮಾಯ ಆಗುತ್ತದೆ. ಭಾವ ಆಗಲೇ ಕತ್ತರಿ ಹಿಡಿದು ಮೂಲೆಯ ಹೆಚ್ಚುವರಿ ತೆಗೆಯಲು ಹೊರಟಿದ್ದ, "ಭಾವಾ, ಸ್ವಲ್ಪ ತಡಿ" ಅಂದು ಕೈ ಹಿಡಿದೆ. ಗಾಜು, ಬಾಗಿಲುಗಳ ನಡುವಿನ ಕಂಬ ರೂಫಿಗೆ ಸೇರುವ ಬಾಗಿನಲ್ಲಿ ಸೀಳು ಹಾಕುವುದು, ಅಂಚು ಕತ್ತರಿಸುವುದು ಎಲ್ಲ ಕೂತ ಮೇಲೆ, ಕಟ್ಟಕಡೆಗೆ. ಅಂಟಿದ್ದು ಸರಿ ಕಾಣದಿದ್ದರೆ ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ಬಿಡಿಸಿ ಮತ್ತೆ ಎಳೆಯಬಹುದು.

ಗಾಜು ಕೂರಿಸಲು ಹೊಸ ರಬ್ಬರನ್ನು ಮೊದಲು ಗಾಜಿನ ಸುತ್ತ ತೊಡಿಸಿ, ತಗಡಿನ ಅಂಚು ಕೂರುವ ಚಡಿಗೆ ನೈಲಾನ್ ಹಗ್ಗ ಸುತ್ತ ಹಾಕಿ, ಸೋಪು ನೀರು ಸವರಿ, ಒಬ್ಬ ಹೊರಗಿನಿಂದ ಒತ್ತುತ್ತಿರುವಾಗ ಇನ್ನೊಬ್ಬ ಒಳಗಿನಿಂದ ಹಗ್ಗ ಎಳೆಯುತ್ತಾ ಹೋಗಬೇಕು, ಆಗ ರಬ್ಬರಿನ ತುಟಿ ತಗಡಿನ ಅಂಚು ಹತ್ತಿ ಒಳಗೆ ಬರುತ್ತದೆ. ರೆಕ್ಸಿನ್ ತರುವಾಗ ಒಂದು ಮೀಟರ್ ಜಾಸ್ತಿಯೇ ತನ್ನಿ. ಸನ್ ವೈಸರಿಗೂ ಅದೇ ಬೇಕು, ಆಮೇಲೆ ಹೋಗಿ ಕೇಳಿದರೆ ಅದೇ ಬಣ್ಣ ಸಿಗುವುದು ಕಷ್ಟ.