ತುರ್ತಿಗೆ ಎರಡು ವಾರದ ದಿನಸಿ: ನಾನು ಕಟ್ಟಿಡುವ ಬಗೆ
ನಾನು ಲೆಕ್ಕ ಹಾಕುವುದು ಕ್ಯಾಲೊರಿಯಲ್ಲಿ. ಒಬ್ಬರಿಗೆ ದಿನಕ್ಕೆ 2100ರಂತೆ ಎರಡು ವಾರಕ್ಕೆ 29,400. ಅಕ್ಕಿ 4 ಕೆಜಿ, ಬೇಳೆ ಒಂದೂವರೆ ಕೆಜಿ, ಎಣ್ಣೆ ಮುಕ್ಕಾಲು ಲೀಟರ್, ಸಕ್ಕರೆ ಮುಕ್ಕಾಲು ಕೆಜಿ, ಕಡಲೆಕಾಯಿ ಬೀಜ ಕಾಲು ಕೆಜಿ ಸೇರಿದರೆ ಹೆಚ್ಚೂಕಡಿಮೆ ಅಷ್ಟಾಗುತ್ತದೆ. ಉಪ್ಪು ಬೇರೆ. ಎಣ್ಣೆಯನ್ನು ಹಲವರು ಮರೆಯುತ್ತಾರೆ. ಅದೊಂದನ್ನು ಬಿಟ್ಟರೆ ಒಂದೂಮುಕ್ಕಾಲು ಕೆಜಿ ಅಕ್ಕಿ ಹೆಚ್ಚಿಗೆ ಇಡಬೇಕು, ಬೇಯಿಸಲು ನೀರು, ಉರುವಲೂ ಹೆಚ್ಚು.

ಅಕ್ಕಿ ಬಿಳಿಯದೇ ಇರಲಿ. ಪಾಲಿಶ್ ಮಾಡದ ಅಕ್ಕಿಯ ತೌಡಿನಲ್ಲಿ ಎಣ್ಣೆಯಂಶವಿದ್ದು, ವರ್ಷದೊಳಗೇ ಕಮಟು ವಾಸನೆ ಬರುತ್ತದೆ. ಡಬ್ಬಿಯಲ್ಲಿಡುವ ಅಕ್ಕಿ, ಬೇಳೆಯನ್ನು ಮೊದಲು −18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಡುತ್ತೇನೆ, ಹುಳದ ಮೊಟ್ಟೆ ಸಾಯಲಿ ಎಂದು. ಹೊರತೆಗೆದ ಕೂಡಲೇ ಪೊಟ್ಟಣ ಬಿಚ್ಚಬಾರದು. ತಣ್ಣಗಿನ ಕಾಳಿನ ಮೇಲೆ ಗಾಳಿಯ ತೇವ ಕೂತು ಬೂಷ್ಟು ಹಿಡಿಯುತ್ತದೆ.

ವರ್ಷಗಟ್ಟಲೆ ಇಡುವುದು ಮೈಲಾರ್ ಚೀಲಕ್ಕೆ, ಅಂದರೆ ಗಾಳಿ, ಬೆಳಕು ನುಸುಳದ ದಪ್ಪ ಬೆಳ್ಳಿಬಣ್ಣದ ಪ್ಲಾಸ್ಟಿಕ್ ಚೀಲಕ್ಕೆ. ನಾಲ್ಕು ಲೀಟರಿನ ಚೀಲಕ್ಕೆ 300 ಸಿಸಿಯ (ಅಷ್ಟು ಮಿಲಿಲೀಟರ್ ಆಕ್ಸಿಜನ್ ಹೀರುವ ಪುಟ್ಟ ಪೊಟ್ಟಣ) ಒಂದು ಆಕ್ಸಿಜನ್ ಅಬ್ಸಾರ್ಬರ್ ಸಾಕು. ಅದರೊಳಗಿನ ಕಬ್ಬಿಣದ ಪುಡಿ ಗಾಳಿ ತಗುಲಿದೊಡನೆ ತುಕ್ಕು ಹಿಡಿಯತೊಡಗುತ್ತದೆ, ಮುಟ್ಟಿದರೆ ಬೆಚ್ಚಗಾಗುತ್ತಿರುವುದು ಗೊತ್ತಾಗುತ್ತದೆ. ಹಾಗಾಗಿ ಚೀಲಗಳನ್ನೆಲ್ಲ ತುಂಬಿ ನಿಲ್ಲಿಸಿದ ಮೇಲೆಯೇ ಅಬ್ಸಾರ್ಬರುಗಳು ಬರುವ ಹೊರಕವರ್ ಕತ್ತರಿಸಿ, ಕಾಲು ಗಂಟೆಯೊಳಗೆ ಸೀಲ್ ಮುಗಿಸುತ್ತೇನೆ. ಬಾಯಂಚಿಗೆ ಅಂಟಿದ ಅಕ್ಕಿಯ ಹಿಟ್ಟನ್ನು ಒಣಬಟ್ಟೆಯಿಂದ ಒರೆಸದಿದ್ದರೆ ಇಸ್ತ್ರಿಪೆಟ್ಟಿಗೆ ಎಷ್ಟು ಒತ್ತಿದರೂ ಸೀಲ್ ನಿಲ್ಲದು. ಮರುದಿನ ಚೀಲ ಇಟ್ಟಿಗೆಯಂತೆ ಬಿಗಿಯದಿದ್ದರೆ ಗಾಬರಿ ಬೇಡ. ಗಾಳಿಯಲ್ಲಿ ಆಕ್ಸಿಜನ್ ಇರುವುದೇ ಐದರಲ್ಲೊಂದು ಪಾಲು, ಉಳಿದದ್ದು ಅಲ್ಲೇ ಇರುತ್ತದೆ. ಸಕ್ಕರೆಗೆ ಅಬ್ಸಾರ್ಬರ್ ಹಾಕಿದರೆ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಮುರಿದರೆ ಟಕ್ಕೆನ್ನದ, ಮೆತ್ತಗಿನ ಒಣಹಣ್ಣಿನಂಥವಕ್ಕಂತೂ ಬೇಡವೇ ಬೇಡ: ತೇವವಿದ್ದು ಆಕ್ಸಿಜನ್ ಇಲ್ಲದಿದ್ದರೆ ಬೊಟುಲಿಸಂ ಎಂಬ ಮಾರಕ ಬ್ಯಾಕ್ಟೀರಿಯಾ ವಿಷದ ಭಯವಿದೆ.

ಇಡಿಕಾಳಿಗಿಂತ ಬೇಳೆ ಮೇಲು. ಸೆಕೆಯ ಜಾಗದಲ್ಲಿ ವರ್ಷಗಟ್ಟಲೆ ಕೂತ ಕಾಳು ಎಷ್ಟು ಕುದಿಸಿದರೂ ಬೇಯುವುದಿಲ್ಲ. ನೆನೆಸುವ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಒಂದಿಷ್ಟು ಮೆತ್ತಗಾಗುತ್ತದೆ, ಅಷ್ಟೇ.

ನೀರು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್, ಎರಡು ವಾರಕ್ಕೆ 56. ದಿನಸಿಗಿಂತ ಜಾಗ ತಿನ್ನುವುದು ಇದೇ. ಎಣ್ಣೆ, ಕಡಲೆಕಾಯಿ ಬೀಜ ಎಲ್ಲಕ್ಕಿಂತ ಮೊದಲು ಕೆಡುವವು. ಅವನ್ನು ದಿನದ ಅಡುಗೆಗೇ ಮುಂದಿನಿಂದ ತೆಗೆದು, ತಾರೀಖು ಬರೆದ ಹೊಸದನ್ನು ಹಿಂದಕ್ಕೆ ಸೇರಿಸುತ್ತೇನೆ.